ಚಿಕ್ಕಮ್ಮ ಕಳಿಸಿದ ಮೂಳೆ ಇಂಜೆಕ್ಷನ್ ಫಾರ್ವರ್ಡ್

ಇದು ಹೋದ ವಾರ ನಮ್ಮ ಮನೆ ಗ್ರೂಪಲ್ಲಿ ನಡೆದದ್ದು. ದೊಡ್ಡಮ್ಮ, ಚಿಕ್ಕಮ್ಮ ಇಬ್ಬರನ್ನೂ ಕೇಳಿಯೇ ಹಾಕ್ತಿದೀನಿ, ಮೂಳೆ ಸವೆತಕ್ಕೆ (ಆಸ್ಟಿಯೋಪೊರೋಸಿಸ್) ಕೊಡೋ ಇದೇ ಡೆನೋಸುಮ್ಯಾಬ್ ಇಂಜೆಕ್ಷನ್ ತಗೋತಿರೋರು ಇನ್ನೂ ಎಷ್ಟೋ ಮನೇಲಿ ಇರ್ತಾರೆ. ನಾನು ಫಾರ್ಮಸಿಸ್ಟ್.

ಚಿಕ್ಕಮ್ಮ: (ಫಾರ್ವರ್ಡ್) ಎಚ್ಚರ!! ವಯಸ್ಸಾದ ಹೆಂಗಸರಿಗೆ 6 ತಿಂಗಳಿಗೊಮ್ಮೆ ಕೊಡುವ ಮೂಳೆ ಇಂಜೆಕ್ಷನ್ ಅಸಲಿಗೆ ಕ್ಯಾನ್ಸರ್ ಔಷಧಿ!! ತಕ್ಷಣ ನಿಲ್ಲಿಸಿ, ನಿಮ್ಮ ತಾಯಂದಿರನ್ನು ಉಳಿಸಿ!! ಎಲ್ಲರಿಗೂ ಕಳಿಸಿ 🙏🙏

ಸೀನ: ಅತ್ತೆ, ಇದಕ್ಕೆ ಸೋರ್ಸ್ ಏನು? ಯಾರು ಬರೆದಿದ್ದು?

ಚಿಕ್ಕಮ್ಮ: ನಮ್ಮ ಭಜನೆ ಗ್ರೂಪಲ್ಲಿ ಬಂತು

ಸೀನ: ಕೊರೊನಾ ಟೈಮಲ್ಲಿ ಕಷಾಯ ಬಂದಿದ್ದೂ ಅದೇ ಗ್ರೂಪಿಂದ ಅಲ್ವಾ

ಚಿಕ್ಕಮ್ಮ: ಆ ಕಷಾಯ ಕುಡಿದೇ ನಿಮ್ಮಮ್ಮ ಎದ್ದು ಕೂತಿದ್ದು, ಈಗ ಅದನ್ಯಾಕೆ ತೆಗೀತೀಯ

ದೊಡ್ಡಪ್ಪ: ಜಗಳ ಬೇಡ. ನಮ್ಮ ಹಿರೀಕರು ಯಾವ ಇಂಜೆಕ್ಷನ್ ತಗೊಂಡಿದ್ರು? ರಾಗಿಮುದ್ದೆ, ಹುರುಳಿಕಾಳು ಸಾರು, ಬಿಸಿಲಲ್ಲಿ ಗೇಯ್ಮೆ. ಈಗ ಎಲ್ಲದಕ್ಕೂ ಸೂಜಿ. ಈ ಮೆಸೇಜು ನಾನು ಹೋದ ತಿಂಗಳೇ ನೋಡಿದ್ದೆ, ಅದಕ್ಕೇ ಈ ಸಲ ಇವಳನ್ನ ಇಂಜೆಕ್ಷನ್‌ಗೆ ಕರ್ಕೊಂಡು ಹೋಗ್ಲಿಲ್ಲ.

ಗೀತಕ್ಕ: ಮುದ್ದೆ ಅಂದ ತಕ್ಷಣ ಅಜ್ಜಿ ನೆನಪಾದ್ರು ಮಾವ 😢 ಕೊನೇ ವರ್ಷಗಳಲ್ಲಿ ಬೆನ್ನು ಎಷ್ಟು ಬಾಗಿತ್ತು ಅಂದ್ರೆ ದೇವರ ಪಟಕ್ಕೆ ಹೂವು ಇಡೋಕೆ ಕೈ ಎಟುಕ್ತಿರ್ಲಿಲ್ಲ, ಪಟನೇ ಒಂದು ಮೊಳ ಕೆಳಗೆ ಇಳಿಸಿ ಹೊಡೆದಿದ್ವಲ್ಲ, ಮೇಲಿನ ಮೊಳೆ ತೂತು ಗೋಡೇಲಿ ಈಗಲೂ ಇದೆ

ನಾನು: ದೊಡ್ಡಪ್ಪ ಒಂದ್ನಿಮಿಷ, ಕರ್ಕೊಂಡು ಹೋಗ್ಲಿಲ್ವಾ? ಕೊನೇ ಇಂಜೆಕ್ಷನ್ ಯಾವತ್ತು ಹಾಕ್ಸಿದ್ದು?

ಗೀತಕ್ಕ: ಅಜ್ಜಿಗೆ ಒಂದು ಎಕ್ಸ್‌ರೇ ಆದ್ರೂ ತೆಗೆಸಿ ಅಂತ ನಮ್ಮಮ್ಮ ಬಾಯಿ ಬಡ್ಕೊಂಡ್ಲು

ದೊಡ್ಡಪ್ಪ: ನಿಮ್ಮಮ್ಮ ಹಬ್ಬಕ್ಕೆ ಬಂದು ಉಂಡು ಹೋಗೋಳು. ಹದಿನೈದು ವರ್ಷ ನೋಡ್ಕೊಂಡೋರು ನಾವು.

ಸೀನ: ಮಾವ, ಅಮ್ಮನ ವಿಷಯ ಇಲ್ಲಿ ಬೇಡ

ನಾನು: ಡೇಟ್ ಹೇಳಿ ಯಾರಾದ್ರೂ

ಚಿಕ್ಕಮ್ಮ: ನಾನು ಸುಮ್‌ಸುಮ್ನೆ ಕಳಿಸಿಲ್ಲ. ನಿಮ್ಮ ಚಿಕ್ಕಪ್ಪಂಗೆ ಕೊನೇ ವರ್ಷ ತಿಂಗಳು ತಿಂಗಳು ಹಾಕ್ತಿದ್ದ ಇಂಜೆಕ್ಷನ್ ಬಿಲ್ಲು ನನ್ನ ಹತ್ರ ಇನ್ನೂ ಇದೆ, ಅದರಲ್ಲಿ ಡೆನೋಸುಮ್ಯಾಬ್ ಅಂತಿದೆ. ಗೌರಿ ಹಬ್ಬಕ್ಕೆ ಹೋದಾಗ ಅಕ್ಕನ ಚೀಟಿಲೂ ಅದೇ ಹೆಸರು ನೋಡ್ದೆ. ಅವರಿಗೆ ಕ್ಯಾನ್ಸರ್ ಮೂಳೆಗೆ ಇಳಿದಿದೆ ಅಂತ ನಿಮಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಮೂರು ತಿಂಗಳು ಹೇಳ್ಲಿಲ್ಲ. ಈಗ ಅಕ್ಕಂದೂ ಮುಚ್ಚಿಡ್ತಿದೀರಾ?

ನಾನು: ಚಿಕ್ಕಮ್ಮ, ದೊಡ್ಡಮ್ಮಂಗೆ ಕ್ಯಾನ್ಸರ್ ಇಲ್ಲ. ರಿಪೋರ್ಟ್ ನಾನೇ ನೋಡಿದೀನಿ, ಮೂಳೆ ಸವೆತ. ನಿಮಗೆ ಅವತ್ತು ಹೇಳದೇ ಇದ್ದದ್ದು ತಪ್ಪು, ಅದರಲ್ಲಿ ನಾನೂ ಇದ್ದೆ. ಹೆಸರು ಒಂದೇ ಅನ್ನೋದು ನಿಜ, ನೀವು ಸರಿಯಾಗೇ ನೋಡಿದೀರಿ.

ನಾನು: ಮೂಳೆ ಜೀವಮಾನವಿಡೀ ರಿಪೇರಿ ಆಗ್ತಾನೇ ಇರುತ್ತೆ, ಹಳೇದನ್ನ ಕರಗಿಸೋ ಜೀವಕೋಶ ಬೇರೆ, ಹೊಸದು ಕಟ್ಟೋದು ಬೇರೆ. ಕರಗಿಸೋದಕ್ಕೆ ಸುದ್ದಿ ಮುಟ್ಟಿಸೋದು ರ್ಯಾಂಕ್ ಲಿಗ್ಯಾಂಡ್ ಅನ್ನೋ ಪ್ರೋಟೀನ್. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಮ್ಮಿಯಾಗಿ ಈ ಸುದ್ದಿ ಜಾಸ್ತಿಯಾಗುತ್ತೆ, ಕಟ್ಟೋ ಕೆಲಸ ಹಿಂದೆ ಬೀಳುತ್ತೆ, ಅಜ್ಜಿ ಬೆನ್ನಿಗೆ ಆಗಿದ್ದೂ ಇದೇ ಇರ್ಬೇಕು, ಅವರು ದಿನಾ ಮುದ್ದೆ ತಿಂದೋರೇ ಅಲ್ವಾ ದೊಡ್ಡಪ್ಪ. ರಾಗೀಲಿ 100 ಗ್ರಾಂಗೆ 300 ಮಿ.ಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಮುದ್ದೆ ಬಿಡ್ಬೇಡಿ, ಆದ್ರೆ ಈ ಸುದ್ದಿನ ಅದು ತಡೆಯಲ್ಲ. ಇನ್ನು ಕ್ಯಾನ್ಸರ್ ಮೂಳೆಗೆ ಬಂದಾಗ ಆ ಜೀವಕೋಶಗಳು ಇದೇ ಪ್ರೋಟೀನ್ ಜಾಸ್ತಿ ಬರೋ ಹಾಗೆ ಮಾಡ್ತವೆ, ಮೂಳೆ ಕರಗಿದಾಗ ಒಳಗೆ ಹುದುಗಿದ್ದ ಬೆಳವಣಿಗೆಯ ಪ್ರೋಟೀನ್‌ಗಳು ಹೊರಗೆ ಬಂದು ಗಡ್ಡೆಗೇ ಗೊಬ್ಬರ ಆಗುತ್ತೆ. ಅದಕ್ಕೆ ಚಿಕ್ಕಪ್ಪಂಗೆ 4 ವಾರಕ್ಕೊಮ್ಮೆ 120 ಮಿ.ಗ್ರಾಂ, ದೊಡ್ಡಮ್ಮಂಗೆ 6 ತಿಂಗಳಿಗೆ 60. ಇದು ಕೀಮೋ ಅಲ್ಲ. ಇಬ್ಬರಿಗೂ ಆ ಪ್ರೋಟೀನ್‌ಗೆ ಅಂಟ್ಕೊಂಡು ಸುದ್ದಿ ಮುಟ್ಟದ ಹಾಗೆ ತಡೆಯುತ್ತೆ, ಅಷ್ಟೇ ಅದರ ಕೆಲಸ.

ಸೀನ: ಸರಿ, ಆದ್ರೆ ನಿನ್ನ ಮಾತಿಗೂ ಸೋರ್ಸ್ ಬೇಕಲ್ಲ. ದವಡೆ ಮೂಳೆ ಹಾಳಾಗುತ್ತೆ ಅಂತ ಎಲ್ಲೋ ಓದಿದ್ದೆ, ಅದನ್ಯಾಕೆ ಹೇಳ್ಲಿಲ್ಲ?

ನಾನು: ಕೇಳಿದ್ದು ಒಳ್ಳೇದಾಯ್ತು. 2009ರಲ್ಲಿ ಬಂದ ಟ್ರಯಲ್, 7,868 ಹೆಂಗಸರು, 3 ವರ್ಷ. ಹೋಲಿಕೆಗೆ ಅಂತ ಔಷಧಿ ಇಲ್ಲದ ಇಂಜೆಕ್ಷನ್ ತಗೊಂಡೋರಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದದ್ದು 7.2%, ಔಷಧಿ ತಗೊಂಡೋರಲ್ಲಿ 2.3%. ಅಮೆರಿಕದಲ್ಲಿ 2010ರ ಜೂನಲ್ಲಿ ಮೂಳೆ ಸವೆತಕ್ಕೆ ಒಪ್ಪಿಗೆ ಸಿಕ್ತು, ಅದೇ ನವೆಂಬರಲ್ಲಿ ಕ್ಯಾನ್ಸರ್ ಮೂಳೆಗೆ ಹರಡಿದೋರಿಗೆ. ದವಡೆ ತೊಂದರೆ ನಿಜ, ಸವೆತದ ಡೋಸಲ್ಲಿ ಅಪರೂಪ, ಹಲ್ಲು ಕೀಳಿಸೋ ಮುಂಚೆ ಡೆಂಟಿಸ್ಟ್‌ಗೆ ಹೇಳ್ಲೇಬೇಕು. ಕಿಡ್ನಿ ತೀರಾ ಕೆಟ್ಟಿರೋರಿಗೆ ಕ್ಯಾಲ್ಸಿಯಂ ಅಪಾಯಕ್ಕೆ ಹೋಗೋಷ್ಟು ಇಳಿಯಬಹುದು. ಆದ್ರೆ ಈಗ ನನಗೆ ಭಯ ಇರೋದು ಬೇರೆ. ಈ ಔಷಧಿ ಮೂಳೇಲಿ ಉಳಿಯಲ್ಲ. ದಿಢೀರ್ ಅಂತ ನಿಲ್ಲಿಸಿದ್ರೆ ಅಷ್ಟು ದಿನ ತಡೆದಿದ್ದೆಲ್ಲ ಒಟ್ಟಿಗೆ ನುಗ್ಗುತ್ತೆ, ಕೆಲವರಿಗೆ ಬೆನ್ನುಮೂಳೆ ಎರಡು ಮೂರು ಕಡೆ ಮುರಿದಿದೆ. ನಿಲ್ಲಿಸ್ಬೇಕು ಅಂದ್ರೂ ಬೇರೆ ಔಷಧಿ ಶುರು ಮಾಡಿ ನಿಲ್ಲಿಸ್ತಾರೆ. ದಯವಿಟ್ಟು ಡೇಟ್ ಹೇಳಿ.

ದೊಡ್ಡಮ್ಮ: ಫೆಬ್ರವರಿ 14. ಚೀಟಿ ಅಕ್ಕಿ ಡಬ್ಬದ ಮೇಲೆ ಇದೆ. ನಾನು ಹೇಳ್ದೆ, ಇವರು ಕೇಳ್ಲಿಲ್ಲ

ನಾನು: ಇವತ್ತು ಸೆಪ್ಟೆಂಬರ್ 11. ಆಗಸ್ಟ್ 14ಕ್ಕೇ ಆಗ್ಬೇಕಿತ್ತು. ಏಳು ತಿಂಗಳು ದಾಟೋಕೆ ಬಿಡ್ಬೇಡಿ, ನಾಳೆನೇ ಬರೆದುಕೊಟ್ಟ ಡಾಕ್ಟರ್ ಹತ್ರ ಹೋಗಿ. ಎಷ್ಟು ದಿನ ತಡ ಆಗಿದೆ ಅನ್ನೋದನ್ನೇ ಮೊದಲು ಹೇಳಿ.

ದೊಡ್ಡಪ್ಪ: ನಿಲ್ಲಿಸಿದ್ರೆ ಹೀಗಾಗುತ್ತೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಬೆಳಿಗ್ಗೆ 9ಕ್ಕೆ ಆಟೋಗೆ ಹೇಳಿದೀನಿ.

ಚಿಕ್ಕಮ್ಮ: ನಾನೂ ಬರ್ತೀನಿ ಭಾವ. ಡಾಕ್ಟರ್ ಏನ್ ಹೇಳಿದ್ರೂ ನನ್ನೆದುರಿಗೇ ಹೇಳ್ಲಿ

ದೊಡ್ಡಮ್ಮ: ಬಾರೇ. ಚೀಟಿ ನೀನೇ ಹಿಡ್ಕೊ