ವಿನ್ಯಾಸ ಸುರಕ್ಷಿತವಲ್ಲ ಎಂದು ಗೊತ್ತಾದಾಗ ಎಂಜಿನಿಯರ್ ಏನು ಮಾಡಬೇಕು? ಅನುಭವಸ್ಥರು ತಿಳಿಸಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಕಿರಿಯ ಎಂಜಿನಿಯರ್. ನೆಲಮಹಡಿಯ ಮೇಲೆ ಮೂರು ಅಂತಸ್ತಿಗೆಂದು ಕಟ್ಟಿದ, ಬಾಡಿಗೆದಾರರು ವಾಸವಿರುವ ಕಟ್ಟಡದ ಮೇಲೆ ಇನ್ನೆರಡು ಅಂತಸ್ತು ಏರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಲೆಕ್ಕದ ಪ್ರಕಾರ ನಡುವಿನ ಕಾಲಂಗಳು ಆ ಭಾರವನ್ನು ತಾಳುವುದಿಲ್ಲ. ನಮ್ಮ ಸಾಹೇಬರು, "ಫ್ಯಾಕ್ಟರ್ ಆಫ್ ಸೇಫ್ಟಿ ಇದ್ದೇ ಇದೆಯಲ್ಲ, ಡ್ರಾಯಿಂಗ್ ಕಳಿಸಿಬಿಡಿ" ಎನ್ನುತ್ತಾರೆ. ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಮ್ಮ ಅನುಭವ ಹಂಚಿಕೊಳ್ಳಬೇಕು.

ಮೈಸೂರಿನ ಕನ್ಸಲ್ಟೆಂಟ್ ಒಬ್ಬರು: ಫ್ಯಾಕ್ಟರ್ ಆಫ್ ಸೇಫ್ಟಿ ಎಂದರೆ ಲೆಕ್ಕದಲ್ಲಿ ಮುನ್ನೆಚ್ಚರಿಕೆಗೆಂದು ಉಳಿಸಿಕೊಳ್ಳುವ ಹೆಚ್ಚಿನ ಬಲ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456ರಲ್ಲಿ ಅದಕ್ಕಾಗಿ ಕಾಂಕ್ರೀಟಿಗೆ 1.5, ಕಬ್ಬಿಣಕ್ಕೆ 1.15 ಎಂದು ಕೊಟ್ಟಿರುವ ಅಂಕಿಗಳು ಕಾಂಕ್ರೀಟಿಗೆ ನೀರು ಹೆಚ್ಚಾಗುವುದು, ಕ್ಯೂರಿಂಗ್ ಕಡಿಮೆಯಾಗುವುದು, ಸರಳು ಜಾಗ ಬಿಟ್ಟು ಜರುಗುವುದು ಮುಂತಾದ ಏರುಪೇರುಗಳಿಗಾಗಿ ಇವೆಯೇ ಹೊರತು ಮಾಲೀಕರು ಮುಂದೊಂದು ದಿನ ಏರಿಸಬಹುದಾದ ಅಂತಸ್ತಿಗಾಗಿ ಅಲ್ಲ. ಇದನ್ನು ನಿಮ್ಮ ಸಾಹೇಬರೂ ಬಲ್ಲರು.

ಹಿಂದೆ ಇಂಥದ್ದೇ ಒಂದು ಕಟ್ಟಡದಲ್ಲಿ ನಾನು ಕಾಲಂ ಬುಡದ ಗಾರೆ ಕೆತ್ತಿಸಿ ನೋಡಿದಾಗ, ಡ್ರಾಯಿಂಗಿನಲ್ಲಿ 150 ಮಿ.ಮೀ. ಅಂತರದಲ್ಲಿದ್ದ, ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳು ಅಲ್ಲಿ ಒಂದಡಿಗೊಂದರಂತೆ ಇದ್ದವು. ಜಲ್ಲಿ ಬೆರಳಿಗೆ ಸಿಕ್ಕಿ ಉದುರುತ್ತಿತ್ತು. ಬಾಯಿಮಾತಿನಲ್ಲಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವ ಕಾಲಂ, ಅದು ತಾಳುವುದೆಷ್ಟು, ಈಗಿನ ಭಾರವೆಷ್ಟು, ಏರಿಸಿದ ಮೇಲೆ ಎಷ್ಟಾಗುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಫೋಟೋ ಲಗತ್ತಿಸಿ ಮೇಲ್ ಮಾಡಿದ ಮೇಲಷ್ಟೇ ಕೋರ್ ಟೆಸ್ಟಿಗೆ, ಅಂದರೆ ಕಾಂಕ್ರೀಟಿನ ತುಂಡುಗಳನ್ನು ಕೊರೆದು ತೆಗೆದು ಬಲ ಅಳೆಯುವ ಪರೀಕ್ಷೆಗೆ, ಒಪ್ಪಿಗೆ ಸಿಕ್ಕಿತು. ಕೋರ್‌ಗಳ ಸರಾಸರಿ ಬಲ ನಿಗದಿತ ಗ್ರೇಡಿನ ಶೇ. 85ನ್ನು ಮುಟ್ಟಬೇಕು, ಯಾವೊಂದು ಕೋರ್ ಕೂಡ ಶೇ. 75ಕ್ಕಿಂತ ಕೆಳಗಿಳಿಯಬಾರದು, ಅಲ್ಲಿ ಎರಡೂ ಷರತ್ತು ಈಡೇರಲಿಲ್ಲ. ಕಾಲಂಗಳಿಗೆ ಜಾಕೆಟಿಂಗ್ (ಸುತ್ತ ಹೆಚ್ಚುವರಿ ಕವಚ ಹಾಕಿ ಬಲಪಡಿಸುವುದು) ಮಾಡಿಸಿ, ಅಂತಸ್ತು ಏರಿಸುವ ಯೋಚನೆಯನ್ನೇ ಕೈಬಿಟ್ಟರು. ಆ ಬಿಲ್ಡರ್ ಕಡೆಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ.

ಹುಬ್ಬಳ್ಳಿಯ ಅಧ್ಯಾಪಕಿ ಒಬ್ಬರು: ಡ್ರಾಯಿಂಗ್ ಮೇಲೆ ಹಾಕುವ ಸಹಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗಿಬಿಟ್ಟಿದ್ದ ಎರಡು ನಡೆಸೇತುವೆಗಳು 1981ರ ಜುಲೈ 17ರಂದು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದದ ಸರಳು ಎರಡೂ ಸೇತುವೆಗಳನ್ನು ಹಿಡಿದಿರಬೇಕಿತ್ತು. ಜೋಡಣೆ ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿದ್ದರಿಂದ ಕೆಳಗಿನ ಸೇತುವೆ ಮೇಲಿನ ಸೇತುವೆಗೇ ಜೋತುಬಿದ್ದು, ಮೇಲಿನ ಬೀಮಿನ ಕೆಳಗಿದ್ದ ನಟ್ಟಿನ ಮೇಲೆ ಎರಡು ಪಟ್ಟು ಭಾರ ಕೂತಿತು. ಆ ಬದಲಾವಣೆಯಿದ್ದ ಡ್ರಾಯಿಂಗ್ ಮೇಲೆ ಎಂಜಿನಿಯರ್ ಮೊಹರು ಬಿದ್ದಿತ್ತು, ಆದರೆ ಆ ಜೋಡಣೆಯ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಹೊಣೆ ಹೊತ್ತಿದ್ದ ಇಬ್ಬರು ಎಂಜಿನಿಯರುಗಳು ಮಿಸೌರಿ ರಾಜ್ಯದ ಪರವಾನಗಿ ಕಳೆದುಕೊಂಡರು. ನಿಮ್ಮ ವಿಷಯದಲ್ಲಿ ಲೆಕ್ಕ ಹಾಕಿ ಆಗಿದೆ, ಉತ್ತರವೂ ಬಂದಿದೆ. ಹಾಗಿದ್ದೂ ಹೆಸರು ಹಾಕಿದರೆ ಗೊತ್ತಿರಲಿಲ್ಲ ಎನ್ನುವ ದಾರಿಯೂ ನಿಮಗೆ ಉಳಿಯುವುದಿಲ್ಲ.

ನ್ಯೂಯಾರ್ಕಿನ ಸಿಟಿಕಾರ್ಪ್ ಗೋಪುರದ ಎಂಜಿನಿಯರ್ ವಿಲಿಯಂ ಲೆಮೆಸುರಿಯರ್ ಅವರನ್ನು ಇಲ್ಲಿ ಯಾರಾದರೂ ಉದಾಹರಿಸಿಯೇ ಉದಾಹರಿಸುತ್ತಾರೆ. ಓರೆಯಾಗಿ ಬೀಸುವ ಗಾಳಿಗೆ ಬೋಲ್ಟಿನ ಜೋಡಣೆಗಳು ಸಾಲವು ಎಂದು 1978ರಲ್ಲಿ ತಾವೇ ಮಾಲೀಕರಿಗೆ ತಿಳಿಸಿ, ರಾತ್ರಿ ಹೊತ್ತು ವೆಲ್ಡಿಂಗ್ ಮಾಡಿಸಿ ಕಟ್ಟಡ ಉಳಿಸಿದ್ದು ದೊಡ್ಡದೇ. ಆದರೆ ಸುತ್ತಲಿನ ಜನರಿಗೆ 1995ರವರೆಗೂ ಸುದ್ದಿ ಗೊತ್ತಾಗಲಿಲ್ಲ ಎಂಬುದನ್ನು ನಾನು ಮೆಚ್ಚಲಾರೆ.

ನಗರ ಯೋಜನೆ ವಿಭಾಗದಿಂದ ನಿವೃತ್ತರಾದ ಒಬ್ಬರು: ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ಎಂಜಿನಿಯರುಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥದ್ದು ಇಲ್ಲ; ಆದ್ದರಿಂದ ನಿಮ್ಮ ಬೆನ್ನಿಗೆ ನಿಲ್ಲುವುದು ನಿಮ್ಮ ಕಾಗದಪತ್ರವೇ. ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಫಲ ಸಿಗದಿದ್ದರೆ ಮಾಲೀಕರಿಗೆ, ಕೊನೆಗೆ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಚ್ಚುವರಿ ಅಂತಸ್ತಿಗೆ ನಕ್ಷೆ ಮಂಜೂರಾತಿ ಆಗಿದೆಯೇ ಎಂಬುದನ್ನೂ ನೋಡಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಅಚ್ಚು ಕಟ್ಟುವ ಕೆಲಸ) ಶುರುವಾಗುವವರೆಗೆ ಕಾಯುವುದೂ ಬೇಡ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡವೂ ಇನ್ನೂ ಕಟ್ಟುತ್ತಿದ್ದದ್ದೇ, ಆದರೂ ಕೆಳಗೆ ಅಂಗಡಿಗಳಿದ್ದವು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಲೆಕ್ಕವನ್ನು ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದ್ದೇನೆ, ಅವರೂ ಒಪ್ಪಿದ್ದಾರೆ. ಆದರೆ ಮಣ್ಣಿನ ಪರೀಕ್ಷೆಯ ವರದಿಯೇ ಕಡತದಲ್ಲಿಲ್ಲ. ಫುಟಿಂಗ್, ಅಂದರೆ ಕಾಲಂ ಅಡಿಯ ಪಾಯದ ಬಗ್ಗೆ ಏನೆಂದು ಬರೆಯಲಿ?

ಮೈಸೂರಿನ ಕನ್ಸಲ್ಟೆಂಟ್: ವರದಿ ಇಲ್ಲವೆಂದೇ ಬರೆಯಿರಿ. ಒಂದು ಫುಟಿಂಗ್ ಪಕ್ಕ ಗುಂಡಿ ತೋಡಿಸಿ ಅಳತೆ ತೆಗೆಯುವವರೆಗೆ ಮತ್ತು ಮಣ್ಣಿನ ಪರೀಕ್ಷೆ ಆಗುವವರೆಗೆ ಡ್ರಾಯಿಂಗ್ ಬಿಡುಗಡೆ ಮಾಡಬಾರದು ಎಂಬ ಸಾಲನ್ನು ಅದೇ ಮೇಲ್‌ನಲ್ಲಿ ಸೇರಿಸಿ.