ಯುದ್ಧಕಾಲದ ಸ್ಟೀಮ್ ಇಂಜಿನ್‌ಗೆ ಹಡಗು ಕಂಪನಿಯ ಹೆಸರು ಯಾಕೆ?

ಸುಜಾತಾ, ಡೊಂಬಿವ್ಲಿ:
ನಮ್ಮ ಅಜ್ಜ ಮಂಗಳೂರು ಕಡೆಯವರು. ಮುಂಬೈಗೆ ಬಂದು ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಭಂಡಾರಿ, ಅಂದ್ರೆ ಅಡುಗೆಯವರು, ಆಗಿದ್ದರು. ಮೊನ್ನೆ ಇಂಗ್ಲೆಂಡಿನ ಒಂದು ಸ್ಟೀಮ್ ರೈಲಿನ ವಿಡಿಯೋ ನೋಡಿದೆ. ಇಂಜಿನ್ ಪಕ್ಕದಲ್ಲಿ 'ಬ್ರಿಟಿಷ್ ಇಂಡಿಯಾ ಲೈನ್' ಅಂತ ಫಲಕ, ನಡುವೆ ಬಾವುಟ! ರೈಲಿಗೆ ಈ ಹೆಸರು ಯಾಕೆ? ಯುದ್ಧದ ನಡುವೆ ಪ್ಯಾಸೆಂಜರ್ ಇಂಜಿನ್ ಕಟ್ಟಲು ಬಿಟ್ಟರಾ?

ವಸಂತ, ಪುಣೆ:
ಸುಜಾತಾ ಅವರೇ, ಅದು ಇಂಗ್ಲೆಂಡಿನ ಸದರ್ನ್ ರೈಲ್ವೆಯ ಮರ್ಚೆಂಟ್ ನೇವಿ (ವ್ಯಾಪಾರಿ ಹಡಗುಪಡೆ) ಕ್ಲಾಸ್. ಒಟ್ಟು 30 ಇಂಜಿನ್. ಸೌತಾಂಪ್ಟನ್ ಬಂದರಿಗೆ ಬರುತ್ತಿದ್ದ ಹಡಗು ಕಂಪನಿಗಳ ಹೆಸರಿಟ್ಟರು. ಯುದ್ಧದಲ್ಲಿ ಆ ಹಡಗಿನವರು ಪ್ರಾಣ ಒತ್ತೆಯಿಟ್ಟು ಸಾಮಾನು ಸಾಗಿಸುತ್ತಿದ್ದರು, ನಿಮ್ಮ ಅಜ್ಜನಂಥವರೂ ಅದರಲ್ಲಿ ಸೇರಿದ್ದರು ಅಲ್ವಾ.

ಮೊದಲನೆಯದು 1941ರಲ್ಲಿ ಈಸ್ಟ್‌ಲೀ ಕಾರ್ಖಾನೆಯಿಂದ ಹೊರಬಂತು. ಆಗ ಬರೀ ಪ್ಯಾಸೆಂಜರ್ ಗಾಡಿಗೆ ಇಂಜಿನ್ ಕಟ್ಟಲು ಅನುಮತಿ ಇರಲಿಲ್ಲ. ವಿನ್ಯಾಸಕ ಬುಲೀಡ್ ಇದನ್ನು 'ಮಿಕ್ಸೆಡ್ ಟ್ರಾಫಿಕ್', ಅಂದ್ರೆ ಪ್ಯಾಸೆಂಜರ್, ಗೂಡ್ಸ್ ಎರಡೂ ಎಳೆಯುವ ಇಂಜಿನ್, ಅಂತ ದಾಖಲೆಗೆ ಬರೆಸಿದರು. ಚಕ್ರ ನೋಡಿ: 1.88 ಮೀಟರ್! ನಮ್ಮ ದೇಶದ ಡಬ್ಲ್ಯೂಪಿ ಸ್ಟೀಮ್ ಇಂಜಿನ್‌ಗೆ ಇದ್ದದ್ದು 1.7. ಎಕ್ಸ್‌ಪ್ರೆಸ್ ಎಳೆಯುವ ಕಾಲು ಅದು.

ನಾನು ಡಬ್ಲ್ಯೂಪಿ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದವನು. ಬೆಳಗಿನ ಜಾವ ಕ್ಯಾನ್ ಹಿಡಿದು ಒಂದೊಂದೇ ಪಿನ್ನಿಗೆ ಎಣ್ಣೆ ಬಿಟ್ಟ ಕೈ ಇದು. ಬುಲೀಡ್ ಈ ಕೆಲಸವನ್ನೇ ತಪ್ಪಿಸಲು ಹೊರಟರು. ವಾಲ್ವ್ ಗೇರ್, ಅಂದ್ರೆ ಸಿಲಿಂಡರಿಗೆ ಹಬೆ ಬಿಡುವ ವಾಲ್ವ್‌ಗಳನ್ನು ನಡೆಸುವ ಭಾಗ, ಪೂರ್ತಿ ಒಂದು ಮುಚ್ಚಿದ ಎಣ್ಣೆ ತೊಟ್ಟಿಯೊಳಗೆ ಹಾಕಿ, ಅದನ್ನು ಚೈನ್‌ನಿಂದ ತಿರುಗಿಸಿದರು. ಓದಿದಾಗ ನನಗೆ ಅವರ ಮೇಲೆ ಪ್ರೀತಿ ಬಂತು. ಫಿಟ್ಟರ್ ಕಷ್ಟ ಯೋಚಿಸಿದ ಇಂಜಿನಿಯರ್‌ಗಳು ಕಮ್ಮಿ.

ಮಹೇಶ, ಮಾಟುಂಗ:
ಚೈನ್ ಅಂದರೆ ಸಡಿಲ ಆಗಲ್ವಾ ಸರ್? ನನ್ನ ಸೈಕಲ್ಲಿನದೇ ಆರು ತಿಂಗಳಿಗೆ ಜೋಲುತ್ತೆ.

ವಸಂತ, ಪುಣೆ:
ಆಗುತ್ತಿತ್ತು. ಚೈನ್ ಉದ್ದ ಆದರೆ ವಾಲ್ವ್ ತೆರೆಯುವ ಹೊತ್ತು ತಪ್ಪುತ್ತದೆ. ತೊಟ್ಟಿಯಿಂದ ಎಣ್ಣೆ ಸೋರಿ ಹಳಿಗೆ ಬಿದ್ದರೆ ಚಕ್ರ ಜಾರುತ್ತದೆ. ಬಾಯ್ಲರ್ ಸುತ್ತಿನ ಹೊದಿಕೆ ಎಣ್ಣೆ ಹೀರಿ, ಕಿಡಿ ತಾಗಿ ಬೆಂಕಿಯೂ ಹತ್ತಿದ್ದುಂಟು. ಹೊರಗಿದ್ದ ಪಿನ್ ಸವೆದರೆ ನಮಗೆ ಕಣ್ಣಿಗೆ ಕಾಣುತ್ತಿತ್ತು, ಇಲ್ಲಿ ಎಲ್ಲವೂ ಮುಚ್ಚಳದ ಒಳಗೆ.

1956ರಿಂದ 59ರೊಳಗೆ ಎಲ್ಲ 30ನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಚೈನ್ ಹೋಯಿತು, ಮೇಲಿನ ಚಪ್ಪಟೆ ಹೊದಿಕೆಯೂ ಹೋಯಿತು. ಬಾಯ್ಲರ್ ಮಾತ್ರ ಉಳಿಸಿಕೊಂಡರು. ಅದರ ಫೈರ್‌ಬಾಕ್ಸ್, ಅಂದ್ರೆ ಕಲ್ಲಿದ್ದಲು ಉರಿಯುವ ಪೆಟ್ಟಿಗೆ, ತಾಮ್ರದ ಬದಲು ಬೆಸುಗೆ ಹಾಕಿದ ಉಕ್ಕಿನದು, ಕಟ್ಟಿದಾಗ ಚದರ ಇಂಚಿಗೆ 280 ಪೌಂಡ್ ಒತ್ತಡ. ಎಷ್ಟು ಕೇಳಿದರೂ ಹಬೆ ಕೊಡುತ್ತಿತ್ತು. ಸುಜಾತಾ ಅವರೇ, ಹೀಗೆ ಮೊದಲು ಬದಲಾದದ್ದು ನಂಬರ್ 35018. ಅದೇ ನಿಮ್ಮ ಬ್ರಿಟಿಷ್ ಇಂಡಿಯಾ ಲೈನ್.

ಸುಜಾತಾ, ಡೊಂಬಿವ್ಲಿ:
ವಿಡಿಯೋ ಮತ್ತೆ ಹಾಕಿ ನೋಡಿದೆ ಸರ್. ರಾಡುಗಳೆಲ್ಲ ಹೊರಗೇ ಕಾಣುತ್ತಿವೆ! ಅಜ್ಜನ ಟ್ರಂಕಿನಲ್ಲಿ ಮೊಂಬಾಸಾದಿಂದ ತಂದ ಒಂದು ಪೋಸ್ಟ್‌ಕಾರ್ಡ್ ಇದೆ. ಬಾವುಟ ಅದೇ. ಇವತ್ತು ಅಮ್ಮನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.