ಸಣ್ಣಗಿದ್ರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 262, ಮನೇಲಿ ಇಂಥದ್ದು ಇರೋರು ಹೇಳಿ

ತಮ್ಮಂಗೆ 34 ವರ್ಷ, ಸಣ್ಣಗಿದಾನೆ, ಸಿಗರೇಟ್ ಕೂಡ ಇಲ್ಲ, ಆದ್ರೂ ಎಲ್‌ಡಿಎಲ್ 262. ನಮ್ಮಪ್ಪ 46ಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದ್ರು. ಎಫ್‌ಎಚ್, ಅಂದ್ರೆ ವಂಶದಲ್ಲಿ ಬರೋ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದು ಅಂದ್ರು ಡಾಕ್ಟ್ರು. ಇವನು ಮಾತ್ರೆ ಬೇಡ, ಎಣ್ಣೆ ತುಪ್ಪ ಬಿಟ್ಟು ವಾಕಿಂಗ್ ಮಾಡ್ತೀನಿ ಅಂತಾನೆ. ನೀವೇನ್ ಮಾಡಿದ್ರಿ?

ಹಾಸನದವಳು: ಅಕ್ಕಾ, ನಮ್ಮಮ್ಮ, ನಾನು, ನನ್ನ ಮಗಳು ಮೂರೂ ಜನಕ್ಕೆ ಇದೆ. ಇದು ತಿಂದು ಬಂದಿದ್ದಲ್ಲ ಅಂತ ಮೊದ್ಲು ನಿಮ್ಮ ತಮ್ಮಂಗೆ ಹೇಳಿ. ರಕ್ತದಲ್ಲಿರೋ ಎಲ್‌ಡಿಎಲ್‌ನ ಲಿವರ್ ಎಳ್ಕೊಂಡು ಖಾಲಿ ಮಾಡ್ಬೇಕು, ಅದಕ್ಕೆ ಲಿವರ್ ಮೇಲೆ ಎಲ್‌ಡಿಎಲ್‌ನ ಹಿಡಿಯೋ ಕೊಕ್ಕೆ ಥರ ರಿಸೆಪ್ಟರ್ ಇರತ್ವೆ, ನಮ್ಮಂಥೋರಿಗೆ ಅಪ್ಪನಿಂದಾನೋ ಅಮ್ಮನಿಂದಾನೋ ಒಂದು ಜೀನ್ ಕೆಟ್ಟು ಬಂದಿರತ್ತೆ, ಹಂಗಾಗಿ ರಿಸೆಪ್ಟರ್ ಕೆಲಸ ಅರೆಬರೆ, ಉಳಿದ ಕೊಬ್ಬು ಹುಟ್ಟಿದಾಗಿಂದ್ಲೇ ರಕ್ತನಾಳದಲ್ಲಿ ಕೂರ್ತಾ ಹೋಗತ್ತೆ. ಇದನ್ನ ಬಿಡಿಸಿ ತೋರ್ಸಿದ ವಿಜ್ಞಾನಿಗಳು ಬ್ರೌನ್, ಗೋಲ್ಡ್‌ಸ್ಟೀನ್ ಇಬ್ರಿಗೂ 1985ರಲ್ಲಿ ನೊಬೆಲ್ ಬಂತು. ಸುಮಾರು 250 ಜನರಲ್ಲಿ ಒಬ್ರಿಗೆ ಇರತ್ತಂತೆ, ಅಷ್ಟೇನೂ ಅಪರೂಪ ಅಲ್ಲ. ಪಥ್ಯ ಮಾಡ್ಲಿ, ವಾಕಿಂಗೂ ಮಾಡ್ಲಿ, ಆದ್ರೆ 262ನ್ನ ನೂರರೊಳಗೆ ತರೋದು ಅದೊಂದ್ರಿಂದ ಆಗಲ್ಲ. ನಂಗೆ ರೋಸುವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆ) ಜೊತೆಗೆ ಎಜೆಟಿಮೈಬ್ ಅನ್ನೋ ಇನ್ನೊಂದು ಮಾತ್ರೆ ಸೇರಿಸಿದ ಮೇಲೇ ಇಳಿದಿದ್ದು. ಜೀವನಪೂರ್ತಿ ತಗೋಬೇಕಾ ಅಂತ ಕೇಳಿದ್ರೆ, ಹೌದು ತಗೋಬೇಕು, ನಿಲ್ಸಿದ್ರೆ ಮತ್ತೆ ಏರತ್ತೆ. ಇನ್ನೊಂದು, ನೀವೂ ಟೆಸ್ಟ್ ಮಾಡಿಸ್ಕೊಳ್ಳಿ ಅಕ್ಕಾ! ಅಪ್ಪನಿಗೆ ಇದ್ದಿದ್ರೆ ನಿಮಗೂ ಬರೋ ಚಾನ್ಸ್ ಅರ್ಧಕ್ಕರ್ಧ. ತಮ್ಮನ ಮಕ್ಕಳಿಗೂ ಅಷ್ಟೇ. ನನ್ನ ಮಗಳದ್ದು ಗೊತ್ತಾಗಿದ್ದೇ ಹಿಂಗೆ, ಅವ್ಳಿಗೆ ಒಂದು ತೊಂದ್ರೆಯೂ ಇರ್ಲಿಲ್ಲ. ಮಕ್ಕಳಿಗೆ 8-10 ವರ್ಷದಿಂದ್ಲೇ ಸ್ಟಾಟಿನ್ ಶುರು ಮಾಡ್ತಾರೆ, ಹೆದರ್ಬೇಡಿ.

ಲ್ಯಾಬ್ ಟೆಕ್ನಿಷಿಯನ್: ಥೈರಾಯ್ಡ್ ಟೆಸ್ಟೂ ಮಾಡ್ಸಿ, ಅದು ಕಮ್ಮಿ ಇದ್ರೂ ಎಲ್‌ಡಿಎಲ್ ಏರತ್ತೆ. ಹಿಮ್ಮಡಿ ಹಿಂದಿನ ಗಟ್ಟಿ ಹುರಿ (ಟೆಂಡನ್) ದಪ್ಪಗಾಗಿದ್ಯಾ, ಕಣ್ಣಿನ ಕಪ್ಪು ಗುಡ್ಡೆ ಸುತ್ತ ಬಿಳಿ ಉಂಗುರ ಇದ್ಯಾ ನೋಡಿ, ಇದ್ರೆ ಡಾಕ್ಟ್ರಿಗೆ ಹೇಳಿ. ಇಲ್ಲ ಅಂದ್ರೂ ಎಫ್‌ಎಚ್ ಇಲ್ಲ ಅಂತ ಅಲ್ಲ.

ರಾಯಚೂರಿನಿಂದ: ನಮ್ಮ ಕಡೆ ಅಕ್ಕನ ಮಗಳನ್ನ ತರೋದು ಈಗ್ಲೂ ಇದೆ, ಅದಕ್ಕೇ ಬರೀತಿದೀನಿ. ಗಂಡ ಹೆಂಡ್ತಿ ಇಬ್ರಿಗೂ ಇದು ಇದ್ರೆ ಪ್ರತಿ ಮಗುಗೂ ಎರಡೂ ಕಡೆಯಿಂದ ಕೆಟ್ಟ ಜೀನೇ ಬರೋ ಸಂಭವ ನಾಲ್ಕರಲ್ಲೊಂದು. ನಮ್ಮ ಸಂಬಂಧಿಕರ ಹುಡುಗನಿಗೆ ಮೊಣಕಾಲು, ಮೊಣಕೈ ಮೇಲೆ ಹಳದಿ ಗಂಟು ಎದ್ದಿದ್ವು, ಚರ್ಮದ ಕಾಯಿಲೆ ಅಂತ ಮುಲಾಮು ಹಚ್ತಾ ಇದ್ರು, ಆಮೇಲೆ ಕೊಲೆಸ್ಟ್ರಾಲ್ ನೋಡಿದ್ರೆ 600 ದಾಟಿತ್ತು. ಇಂಥ ಮಕ್ಕಳಿಗೆ ಇಪ್ಪತ್ತು ತುಂಬೋ ಮೊದ್ಲೇ ಹಾರ್ಟ್ ಅಟ್ಯಾಕ್ ಆಗಬಹುದು. ದಯವಿಟ್ಟು ಸಂಬಂಧದಲ್ಲಿ ಮದುವೆ ಆದೋರು ಮಕ್ಕಳ ಗಂಟನ್ನ ಕಡೆಗಣಿಸ್ಬೇಡಿ.

ಹಾಸನದವಳು: ಮರ್ತಿದ್ದೆ, ಮನೇಲಿ ಹೆಣ್ಮಕ್ಕಳು ಈ ಮಾತ್ರೆ ತಗೋತಿದ್ರೆ, ಮಗು ಮಾಡ್ಕೊಳ್ಳೋ ಯೋಚನೆ ಬಂದಾಗ್ಲೇ ಡಾಕ್ಟ್ರಿಗೆ ಹೇಳ್ಬೇಕು, ಬಸುರಿ ಆದಾಗ ಸ್ಟಾಟಿನ್ ಸಾಮಾನ್ಯವಾಗಿ ನಿಲ್ಲಿಸ್ತಾರೆ.